ಮಂಡಿ ಕಂಪ್ಯೂಟರಿಗೆ ಹದಿನೆಂಟು ಅಡಿಯಿಂದ ಕಾಣೋ ಗಡಿಯಾರ

ಕೋಲಾರ ಎಪಿಎಂಸಿ ಯಾರ್ಡಲ್ಲಿ ನಮ್ ಚಿಕ್ಕಪ್ಪಂದು ಟೊಮೆಟೊ ಮಂಡಿ. ಬಿಲ್ ಹಾಕೋಕೆ ಅಲ್ಲೊಂದು ಹಳೇ ಡೆಸ್ಕ್‌ಟಾಪ್ ಇದೆ, 4 ಜಿಬಿ ರ್‍ಯಾಮು, 18.5 ಇಂಚಿನ ಮಾನಿಟರು, 1366×768 ರೆಸಲ್ಯೂಷನ್ನು, ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಅನ್ನೋ ಆಪರೇಟಿಂಗ್ ಸಿಸ್ಟಮ್ (ವಿಂಡೋಸ್ ಥರದ್ದು) ಹಾಕಿಕೊಟ್ಟಿದ್ದು ನಾನೇ. ಈಗ ಅದರಲ್ಲಿ ಟೈಮು ದೊಡ್ಡದಾಗಿ ಕಾಣಬೇಕಂತೆ. ಕೂತು ಬಿಲ್ ಹಾಕೋ ಗುಮಾಸ್ತರಿಗಲ್ಲ, ಅವರ ಕೈಯಲ್ಲಿ ವಾಚಿದೆ, ಮೊಬೈಲಿದೆ. ಶಟರ್ ಹತ್ರ ನಿಂತು ಕ್ರೇಟ್ ಎಣಿಸೋ ಹುಡುಗರಿಗೆ, ಹರಾಜಿಗೆ ಮಾಲು ಇಟ್ಕೊಂಡು ಕಾಯೋ ರೈತರಿಗೆ, ಲೋಡು ಎಷ್ಟೊತ್ತಿಗೆ ಬಿಡ್ತೀರಾ ಅಂತ ಬಂದು ಬಂದು ಕೇಳೋ ಲಾರಿ ಡ್ರೈವರಿಗೆ. ಅವರೆಲ್ಲ ನಿಲ್ಲೋ ಜಾಗದಿಂದ ಸ್ಕ್ರೀನಿಗೆ ಹದಿನೆಂಟು ಅಡಿ, ಟೇಪ್ ಹಿಡಿದೇ ನೋಡಿದೆ.

ಇನ್ನೂರು ರೂಪಾಯಿ ಕೊಟ್ಟು ಒಂದು ಗೋಡೆ ಗಡಿಯಾರ ತಗೊಳ್ಳಯ್ಯಾ ಅಂತೀರೇನೋ. ಗೋಡೆ ಗಡಿಯಾರ ಇದೆ, ಅದೇ ಪ್ರಾಬ್ಲಮ್ಮು. ಹುಡುಗರು ಬೇಗ ಬರ್ಲಿ ಅಂತ ಚಿಕ್ಕಪ್ಪ ಅದನ್ನ ಹತ್ತು ನಿಮಿಷ ಮುಂದೆ ಇಟ್ಟಿದ್ದಾರೆ, ಅದು ಎಲ್ಲರಿಗೂ ಗೊತ್ತಾಗೋಗಿ ಈಗ ಎಲ್ಲರೂ ಮನಸ್ಸಲ್ಲೇ ಹತ್ತು ಕಳೀತಾರೆ, ಕೆಲವರು ಹದಿನೈದು ಕಳೀತಾರೆ, ಹರಾಜು ಶುರುವಾಯ್ತೋ ಇಲ್ವೋ ಅಂತ ದಿನಾ ಜಗಳ. ಕಂಪ್ಯೂಟರ್ ಟೈಮು ನೆಟ್ಟಿಂದ ಬರುತ್ತೆ, ಅದನ್ನ ಯಾರೂ ಮುಂದೆ ಹಿಂದೆ ಮಾಡಲ್ಲ ಅನ್ನೋ ನಂಬಿಕೆ ಮೇಲೆ ಈ ಕೆಲಸ ನನ್ ತಲೆಗೆ ಬಂತು.

ಮೊದಲು ಪ್ಯಾನೆಲ್ಲಲ್ಲೇ, ಅಂದ್ರೆ ಸ್ಕ್ರೀನಿನ ಅಂಚಲ್ಲಿರೋ ಟಾಸ್ಕ್‌ಬಾರಲ್ಲೇ, ಇರೋ ಗಡಿಯಾರ ದೊಡ್ಡದು ಮಾಡೋಕಾಗುತ್ತಾ ನೋಡಿದೆ. ಜೆನ್‌ಮಾನ್ ಅಂತ ಒಂದು ಪ್ಲಗಿನ್ ಇದೆ, ಒಂದು ಸ್ಕ್ರಿಪ್ಟ್ ಕೊಟ್ರೆ ಅದರ ಔಟ್‌ಪುಟ್ ತಗೊಂಡು ಪ್ಯಾನೆಲ್ ಮೇಲೆ ಬರೆಯುತ್ತೆ, ಅಕ್ಷರದ ಸೈಜೂ ಹೇಳಬಹುದು. ಮೇಜಿನ ಮುಂದೆ ಕೂತೋರಿಗೆ ಅಷ್ಟು ಸಾಕು, ನಿಮ್ ಮನೆ ಕಂಪ್ಯೂಟರಿಗೆ ಅದನ್ನೇ ಹಾಕ್ಕೊಳ್ಳಿ, ಇಷ್ಟೆಲ್ಲಾ ಓದೋ ಅಗತ್ಯಾನೇ ಇಲ್ಲ. ಆದ್ರೆ ಹದಿನೆಂಟು ಅಡಿಗೆ ಬೇಕಾದಷ್ಟು ಬೆಳೆಸೋಕೆ ಹೋದ್ರೆ ಪ್ಯಾನೆಲ್ಲೇ ದಪ್ಪ ಆಗಿ, ಅದರ ಜೊತೆ ಐಕಾನ್‌ಗಳೂ ಊದ್ಕೊಂಡು ಸ್ಕ್ರೀನ್ ಕೆಟ್ಟದಾಗಿ ಕಾಣುತ್ತೆ.

ಹಾಗಾದ್ರೆ ಎಷ್ಟು ದೊಡ್ಡದು ಬೇಕು? ಇದಕ್ಕೆ ಅಂದಾಜಿನ ಬದಲು ಲೆಕ್ಕ ಹಾಕಿದೆ. ಕಣ್ಣಿನ ಡಾಕ್ಟರ್ ಹತ್ರ ಇರೋ ಚಾರ್ಟ್ ನೋಡಿರ್ತೀರಲ್ಲ, ಅದರಲ್ಲಿ 6/6 ಸಾಲಿನ ಅಕ್ಷರ 6 ಮೀಟರ್ ದೂರಕ್ಕೆ ಸುಮಾರು 8.7 ಮಿಲಿಮೀಟರ್ ಎತ್ತರ, ಮೇಲ್ಗಡೆ ಇರೋ 6/60 ಅಕ್ಷರ ಅದರ ಹತ್ತರಷ್ಟು. ಯಾರ್ಡಲ್ಲಿ ವಯಸ್ಸಾದವರು ಜಾಸ್ತಿ, ಕನ್ನಡಕ ಜೇಬಲ್ಲೇ ಇರುತ್ತೆ, ಹಾಗಾಗಿ 6/36 ದೃಷ್ಟಿ ಇರೋರಿಗೂ, ಅಂದ್ರೆ 6/6ರ ಆರರಷ್ಟು ದೊಡ್ಡ ಅಕ್ಷರ ಬೇಕಾದೋರಿಗೂ, ಕಾಣ್ಲಿ ಅಂತ ಇಟ್ಕೊಂಡೆ. ಹದಿನೆಂಟು ಅಡಿ ಅಂದ್ರೆ ಐದೂವರೆ ಮೀಟರ್, ಅಷ್ಟು ದೂರಕ್ಕೆ 48 ಮಿ.ಮೀ. ಬರುತ್ತೆ, 50 ಅಂತ ಇಟ್ಟೆ. ನಮ್ ಮಾನಿಟರಲ್ಲಿ ಒಂದು ಪಿಕ್ಸೆಲ್ 0.3 ಮಿ.ಮೀ., ಅಲ್ಲಿಗೆ ಅಂಕಿಯ ಎತ್ತರ ಸುಮಾರು 167 ಪಿಕ್ಸೆಲ್ ಬೇಕು. ಇಲ್ಲಿ ಒಂದು ವಿಷಯ ಗಮನಿಸಿ, ಫಾಂಟ್ ಸೈಜು ಅಂತ ನಾವು ಕೊಡೋದು ಅಂಕಿಯ ಎತ್ತರ ಅಲ್ಲ. ನಾನು ಹಾಕಿದ ಡೇಜಾವೂ ಸ್ಯಾನ್ಸ್ ಅನ್ನೋ ಫಾಂಟಲ್ಲಿ ಅಂಕಿಯ ಎತ್ತರ ಫಾಂಟ್ ಸೈಜಿನ ಶೇ. 73ರಷ್ಟು, ಮತ್ತೆ ಪಾಯಿಂಟಿಗೂ ಪಿಕ್ಸೆಲ್ಲಿಗೂ 96 ಡಿಪಿಐನಲ್ಲಿ (ಇಂಚಿಗೆ 96 ಪಿಕ್ಸೆಲ್) ಮೂರಕ್ಕೆ ನಾಲ್ಕರ ಲೆಕ್ಕ, ಎಲ್ಲಾ ಸೇರಿ 170 ಪಾಯಿಂಟ್ ಅಂತ ಬಂತು. ಹುಡುಗರು ಇದನ್ನ ನೋಡಿ "ಅಣ್ಣಾ, ಬಸ್ ಬೋರ್ಡ್ ಬರೀತಿದ್ದೀಯಾ" ಅಂದ್ರು.

ಇಷ್ಟು ದೊಡ್ಡ ಅಕ್ಷರ ಡೆಸ್ಕ್‌ಟಾಪ್ ಮೇಲೆ ಬರೆಯೋಕೆ ಕಾಂಕಿ ಅನ್ನೋ ಪ್ರೋಗ್ರಾಂ ಸಾಕು. ಸಿಪಿಯು, ರ್‍ಯಾಮು, ನೆಟ್ ಸ್ಪೀಡು ಎಲ್ಲಾ ಬಣ್ಣಬಣ್ಣವಾಗಿ ತೋರಿಸೋಕೆ ಜನ ಹಾಕ್ಕೊಳ್ತಾರಲ್ಲ, ಅದೇ. ನನಗೆ ಅದ್ಯಾವುದೂ ಬೇಡ. ಇನ್‌ಸ್ಟಾಲ್ ಮಾಡುವಾಗ ಕಾಂಕಿ-ಆಲ್ ಅನ್ನೋ ಪ್ಯಾಕೇಜೇ ಹಾಕಿ, ಮುಂದೆ ಚಿತ್ರ ತೋರಿಸೋ ಸೌಲಭ್ಯ ಬೇಕಾಗುತ್ತೆ, ಅದು ಅದರಲ್ಲಿದೆ. ಹೋಮ್ ಫೋಲ್ಡರಿನ ಡಾಟ್ ಕಾನ್ಫಿಗ್ ಒಳಗೆ ಕಾಂಕಿ ಅಂತ ಫೋಲ್ಡರ್ ಮಾಡಿ, ಅದರೊಳಗೆ ಕಾಂಕಿ ಡಾಟ್ ಕಾನ್ಫ್ ಅಂತ ಫೈಲ್ ಇಟ್ಟರೆ ಅದನ್ನೇ ಓದುತ್ತೆ. ನೆಟ್ಟಲ್ಲಿ ಸಿಗೋ ಹಳೇ ಸೆಟ್ಟಿಂಗ್ ಫೈಲ್‌ಗಳನ್ನ, ಅಂದ್ರೆ ಕಾನ್ಫಿಗ್‌ಗಳನ್ನ ಕಾಪಿ ಹೊಡೆಯೋಕೆ ಮುಂಚೆ ನೋಡ್ಕೊಳ್ಳಿ, 2015ರಲ್ಲಿ ಬಂದ 1.10 ವರ್ಷನ್ನಿಂದ ಅದರ ಬರವಣಿಗೆ ಲುವಾ ಭಾಷೆಗೆ ಬದಲಾಗಿದೆ, ಮಧ್ಯದಲ್ಲಿ ಬರೀ ಟೆಕ್ಸ್ಟ್ ಅಂತ ಒಂದು ಸಾಲಿದ್ರೆ ಅದು ಹಳೇದು ಅಂತ ಅರ್ಥ. ಹೊಸದರಲ್ಲಿ ಪ್ರತಿ ಸೆಟ್ಟಿಂಗ್ ಆದಮೇಲೆ ಕಾಮಾ ಬೇಕು, ಒಂದು ಕಾಮಾ ಬಿಟ್ಟರೆ ಇಡೀ ಫೈಲ್ ಓದಲ್ಲ. ಡಬಲ್ ಬಫರ್ ಅನ್ನೋದನ್ನ ಟ್ರೂ ಮಾಡಿ, ಇಲ್ಲಾಂದ್ರೆ ಸೆಕೆಂಡಿಗೊಂದ್ಸಲ ಅಂಕಿ ಮಿಣುಕುತ್ತೆ. ಸೇವ್ ಮಾಡಿದ ತಕ್ಷಣ ಕಾಂಕಿ ತಾನೇ ರೀಲೋಡ್ ಆಗುತ್ತೆ, ಆದ್ರೂ ವಿಂಡೋ ಸೆಟ್ಟಿಂಗ್ ಮುಟ್ಟಿದಾಗ ಕೊಂದು ಮತ್ತೆ ಶುರು ಮಾಡೋದೇ ವಾಸಿ.

ಸರಿ, ಅಂಕಿ ಬಂತು, ಡೆಸ್ಕ್‌ಟಾಪ್ ಮೇಲೆ ಭರ್ಜರಿಯಾಗಿ ಕಾಣ್ತಿದೆ. ಆದ್ರೆ ಮಂಡೀಲಿ ಡೆಸ್ಕ್‌ಟಾಪ್ ಯಾರ ಕಣ್ಣಿಗೆ ಬೀಳುತ್ತೆ? ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಬಿಲ್ ಶೀಟ್ ಓಪನ್ ಮಾಡಿ ಮ್ಯಾಕ್ಸಿಮೈಸ್ ಮಾಡಿದ್ರೆ ಮುಗೀತು, ಗಡಿಯಾರ ಅದರಡಿ ಹೂತೋಯ್ತು. ಅಂದದ ಕಾಂಕಿ ಥೀಮ್‌ಗಳೆಲ್ಲಾ ವಾಲ್‌ಪೇಪರ್ ಫೋಟೋ ತೆಗೆಯೋಕೆ ಮಾಡಿದ್ದು ಅನ್ನೋದು ಇಲ್ಲೇ ಗೊತ್ತಾಗೋದು. ಇದಕ್ಕೆ ಓನ್ ವಿಂಡೋ ಟೈಪ್ ಅನ್ನೋ ಸೆಟ್ಟಿಂಗಲ್ಲಿ ಡೆಸ್ಕ್‌ಟಾಪ್ ಬದಲು ಪ್ಯಾನೆಲ್ ಅಂತ ಕೊಡಬೇಕು. ಆಗ ಟಾಸ್ಕ್‌ಬಾರ್ ತನ್ನ ಜಾಗ ಹಿಡ್ಕೊಳ್ಳೋ ಹಾಗೆ ಕಾಂಕಿನೂ ಸ್ಕ್ರೀನಿನ ಒಂದು ಅಂಚನ್ನ ತನಗೆ ಅಂತ ಇಟ್ಕೊಳ್ಳುತ್ತೆ, ಮ್ಯಾಕ್ಸಿಮೈಸ್ ಮಾಡಿದ ವಿಂಡೋ ಅಲ್ಲಿಗೆ ಬಂದು ನಿಲ್ಲುತ್ತೆ. ಯಾವ ಅಂಚು ಅನ್ನೋದು ಅಲೈನ್‌ಮೆಂಟ್ ಅನ್ನೋ ಸೆಟ್ಟಿಂಗ್ ನೋಡಿ ತೀರ್ಮಾನ ಆಗುತ್ತೆ. ಇದು ಎಕ್ಸ್ 11 (ಲಿನಕ್ಸಲ್ಲಿ ಸ್ಕ್ರೀನ್ ಮೇಲೆ ವಿಂಡೋ ತೋರಿಸೋ ವ್ಯವಸ್ಥೆ) ಸೆಷನ್ನಿನ ಮಾತು, ನಮ್ ಮಿಂಟ್ ಎಕ್ಸ್‌ಎಫ್‌ಸಿಇ ಅದರಲ್ಲೇ ಓಡ್ತಿದೆ.

ಮೊದಲು ಮೇಲ್ಗಡೆ ಅಂಚಿಗೆ ಕೊಟ್ಟು ನೋಡಿದೆ. ಗಂಟೆ, ಎರಡು ಚುಕ್ಕಿ, ನಿಮಿಷ, ಒಂದೇ ಸಾಲಲ್ಲಿ. ಓದೋಕೆ ಚೆನ್ನಾಗಿತ್ತು, ಆದ್ರೆ ಇರೋದೇ 768 ಪಿಕ್ಸೆಲ್ ಎತ್ತರ, ಅದರಲ್ಲಿ ಕಾಲು ಭಾಗ ಗಡಿಯಾರಕ್ಕೆ ಹೋದ್ರೆ ಬಿಲ್ ಶೀಟಲ್ಲಿ ಕಾಣೋ ಸಾಲು ಕಮ್ಮಿ. ಗುಮಾಸ್ತರು ಬಾಯಲ್ಲಿ ಏನೂ ಹೇಳಲಿಲ್ಲ, ಸ್ಕ್ರಾಲ್ ವೀಲನ್ನ ಸುಮ್ನೆ ನನಗೆ ಕೇಳೋ ಹಾಗೆ ಜೋರಾಗಿ ತಿರುಗಿಸ್ತಾ ಇದ್ರು ಅಷ್ಟೆ. ಅವರು ಹೇಳಿದ್ದೂ ಸರಿನೇ. ಈಗಿನ ಸ್ಕ್ರೀನ್‌ಗಳಲ್ಲಿ ದಂಡಿಯಾಗಿರೋದು ಅಗಲ, ಎತ್ತರಕ್ಕೇ ಬರ. ಬಿಲ್ ಶೀಟಿಗೆ ಬೇಕಾಗಿರೋದು ರೈತರ ಹೆಸರು, ಕ್ರೇಟು, ರೇಟು, ಕಮಿಷನ್ನು, ಹಮಾಲಿ, ಒಟ್ಟು, ಇಷ್ಟಕ್ಕೆ ಸಾವಿರ ಪಿಕ್ಸೆಲ್ ಅಗಲ ಸಾಕು, ಬಲಗಡೆ ಖಾಲಿ ಚೌಕಗಳು ಸುಮ್ನೆ ಬಿದ್ದಿರ್ತವೆ. ಹಾಗಾಗಿ ಅಲೈನ್‌ಮೆಂಟ್ ಮಿಡಲ್ ರೈಟ್ ಮಾಡಿ, ಗಂಟೆ ಮೇಲೆ ನಿಮಿಷ ಕೆಳಗೆ ಅಂತ ಎರಡು ಅಂತಸ್ತಲ್ಲಿ ಜೋಡಿಸಿದೆ. 170 ಪಾಯಿಂಟಲ್ಲಿ ಎರಡು ಅಂಕಿಗೆ 315 ಪಿಕ್ಸೆಲ್ ಅಗಲ ಆಗುತ್ತೆ, 340 ಪಿಕ್ಸೆಲ್ಲಿನ ಪಟ್ಟಿ ಬಿಟ್ಟೆ, ಶೀಟಿಗೆ 1026 ಉಳೀತು. ಅಂಕಿ ಒಂದು ಚೂರೂ ಚಿಕ್ಕದಾಗಲಿಲ್ಲ, ಒಂದು ಸಾಲೂ ಹೋಗಲಿಲ್ಲ. ದೊಡ್ಡ ಫಾಂಟಿಗೆ ಮೇಲೆ ಕೆಳಗೆ ಖಾಲಿ ಜಾಗ ಜಾಸ್ತಿ ಬರುತ್ತೆ, ಎರಡೂ ಸಾಲು ದೂರ ದೂರ ಆಗುತ್ತೆ, ಅದಕ್ಕೆ ವಿ-ಆಫ್‌ಸೆಟ್‌ಗೆ ಮೈನಸ್ ಸಂಖ್ಯೆ ಕೊಟ್ಟು ಹತ್ರ ಎಳೀಬೇಕು.

ಫಾಂಟ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಗಡಿಯಾರ ಅಂದ ತಕ್ಷಣ ಎಲ್ಲರೂ ಆ ಏಳು ಗೆರೆಯ ಡಿಜಿಟಲ್ ವಾಚ್ ಫಾಂಟಿಗೇ ಹೋಗ್ತಾರೆ. ಹತ್ತಿರದಿಂದ ಸ್ಟೈಲಾಗಿರುತ್ತೆ. ಹದಿನೆಂಟು ಅಡಿಯಿಂದ ಅದರಲ್ಲಿ 8, 6, 0 ಮೂರೂ ಅಣ್ಣತಮ್ಮಂದಿರು, 8ಕ್ಕೂ ಉಳಿದೆರಡಕ್ಕೂ ಒಂದೊಂದು ಗೆರೆ ಅಷ್ಟೇ ವ್ಯತ್ಯಾಸ, ಹುಡುಗರನ್ನ ನಿಲ್ಲಿಸಿ ಓದಿಸಿದೆ, ತಪ್ಪು ಹೇಳಿದ್ರು. ಡೇಜಾವೂ ಸ್ಯಾನ್ಸ್ ಮೊನೋ ಹಾಕಿದೆ, ಅದರ ಸೊನ್ನೆ ಒಳಗೆ ಒಂದು ಗುರುತಿದೆ, ಪ್ರೋಗ್ರಾಂ ಬರೆಯೋರಿಗೆ ಓ ಅಕ್ಷರಕ್ಕೂ ಸೊನ್ನೆಗೂ ವ್ಯತ್ಯಾಸ ಗೊತ್ತಾಗ್ಲಿ ಅಂತ ಇಟ್ಟಿದ್ದು, ದೂರದಿಂದ ಅದೂ 8ರ ಹಾಗೇ ಕಾಣುತ್ತೆ. ಕೊನೆಗೆ ಡೇಜಾವೂ ಸ್ಯಾನ್ಸ್ ಬೋಲ್ಡ್. ಸೊನ್ನೆ ಖಾಲಿ, ಅಂಕಿಗಳೆಲ್ಲಾ ಒಂದೇ ಅಗಲ, ಹಾಗಾಗಿ ನಿಮಿಷ ಬದಲಾದಾಗ ಅಂಕಿ ಅಕ್ಕಪಕ್ಕ ಕುಣಿಯಲ್ಲ. ಸೆಕೆಂಡ್ ತೆಗೆದುಹಾಕಿದೆ, ಹರಾಜಿಗೆ ಸೆಕೆಂಡ್ ಲೆಕ್ಕ ಯಾರೂ ಇಟ್ಕೊಳ್ಳಲ್ಲ. ತಾರೀಖೂ ಇಲ್ಲ, ವಾರಾನೂ ಇಲ್ಲ, ಗೋಡೆ ಮೇಲೆ ಕ್ಯಾಲೆಂಡರ್ ಇದೆಯಲ್ಲ. 24 ಗಂಟೆ ಲೆಕ್ಕ ಬೇಡ ಅಂತ 12 ಗಂಟೆಯದ್ದು, ಅದರಲ್ಲೂ ಗಂಟೆಯ ಹಿಂದಿನ ಸೊನ್ನೆ ಬೇಡ. ಟೈಮ್ ಫಾರ್ಮ್ಯಾಟಲ್ಲಿ ಪರ್ಸೆಂಟ್ ಆದಮೇಲೆ ಒಂದು ಮೈನಸ್ ಹಾಕಿ ಆಮೇಲೆ ಕ್ಯಾಪಿಟಲ್ ಐ ಹಾಕಿದ್ರೆ 06 ಹೋಗಿ ಬರೀ 6 ಬರುತ್ತೆ. ನಿಮಿಷಕ್ಕೆ ಪರ್ಸೆಂಟ್ ಕ್ಯಾಪಿಟಲ್ ಎಂ, ಅಲ್ಲಿ ಸೊನ್ನೆ ಇರ್ಲಿ, 05 ಅಂತಾನೇ ಬರಬೇಕು.

ಇಲ್ಲಿಗೆ ಮುಗೀತು ಅಂದ್ಕೊಂಡು ಕಾಫಿ ಕುಡಿಯೋಕೆ ಹೋದೆ, ವಾಪಸ್ ಬರೋಷ್ಟರಲ್ಲಿ ಒಬ್ಬ ರೈತರು ಚಿಕ್ಕಪ್ಪನ ಜೊತೆ ವಾದಕ್ಕೆ ನಿಂತಿದ್ದಾರೆ. ಸ್ಕ್ರೀನಲ್ಲಿ ಮೇಲೆ 6, ಕೆಳಗೆ 40. "ಬೋರ್ಡಲ್ಲಿ ಆರ್ನೂರ ನಲವತ್ತು ಅಂತ ಹಾಕವ್ರೆ, ನಂಗೆ ಯಾಕೆ ಕಮ್ಮಿ ಕೂಗ್ತೀಯಾ ಸಾಹುಕಾರ?" ಮಂಡೀಲಿ ದೊಡ್ಡದಾಗಿ ಬರೆದ ನಂಬರ್ ಅಂದ್ರೆ 15 ಕೆಜಿ ಬಾಕ್ಸಿನ ರೇಟು ಅಂತಾನೇ ಜನ ಓದ್ತಾರೆ, ಅವರದ್ದೇನೂ ತಪ್ಪಿಲ್ಲ. ಎರಡು ಚುಕ್ಕಿ ಹೋದಮೇಲೆ ಅದು ಗಡಿಯಾರ ಅನ್ನೋಕೆ ಗುರುತೇ ಉಳಿದಿರಲಿಲ್ಲ. ಗಂಟೆ ಕೆಳಗೆ ಗಂಟೆ ಅಂತ, ನಿಮಿಷದ ಕೆಳಗೆ ನಿಮಿಷ ಅಂತ ಬರೆಯೋದು ಅಂತ ತೀರ್ಮಾನ ಆಯ್ತು.

ಕನ್ನಡದಲ್ಲಿ ಬರೆಯೋಕೆ ಹೋದಾಗ ನಿಜವಾದ ಕೆಲಸ ಶುರು. ಕಾನ್ಫಿಗಲ್ಲಿ ನೇರವಾಗಿ ಗಂಟೆ ಅಂತ ಟೈಪ್ ಮಾಡಿ ಕನ್ನಡ ಫಾಂಟ್ ಕೊಟ್ರೆ, ಟ ಬೇರೆ, ಎತ್ವ ಬೇರೆಯಾಗಿ ಪಕ್ಕಪಕ್ಕ ಕೂತಿರುತ್ತೆ. ಕಾಂಕಿ ಅಕ್ಷರ ಬರೆಯೋದು ಎಕ್ಸ್‌ಎಫ್‌ಟಿ ಅನ್ನೋ ಲೈಬ್ರರಿ ಮೂಲಕ, ಅದು ಒಂದೊಂದು ಕೋಡಿಗೆ ಒಂದೊಂದು ಚಿತ್ರ ತೆಗೆದು ಸಾಲಾಗಿ ಇಡುತ್ತೆ ಅಷ್ಟೆ, ಗುಣಿತಾಕ್ಷರ ಕೂಡಿಸೋದು, ಒತ್ತಕ್ಷರವನ್ನ ಕೆಳಗೆ ಕೂರಿಸೋದು ಅದರ ಕೆಲಸ ಅಲ್ಲ. ಶುಕ್ರವಾರ ಅಂತ ಬರೆದು ನೋಡಿ, ಕ ಆದಮೇಲೆ ಅರ್ಧಾಕ್ಷರದ ಚಿಹ್ನೆ, ಆಮೇಲೆ ಪೂರ್ತಿ ರ, ಒಳ್ಳೇ ತಮಾಷೆ. ಫಾಂಟ್ ಬದಲಾಯಿಸಿದ್ರೂ ಪ್ರಯೋಜನ ಇಲ್ಲ, ತಪ್ಪು ಫಾಂಟಿನದ್ದಲ್ಲ. ಈ ಜೋಡಣೆ ಕೆಲಸ ಹಾರ್ಫ್‌ಬಝ್ ಅನ್ನೋ ಲೈಬ್ರರಿ ಮಾಡುತ್ತೆ, ಅಕ್ಷರ ಬರೆಯೋ ಪ್ಯಾಂಗೋ ಅನ್ನೋ ಇನ್ನೊಂದು ಲೈಬ್ರರಿ ಅದನ್ನ ಬಳಸುತ್ತೆ, ಅದಕ್ಕೇ ಪ್ಯಾನೆಲ್ಲಲ್ಲಿ, ಬ್ರೌಸರಲ್ಲಿ ಕನ್ನಡ ಸರಿಯಾಗಿ ಕಾಣೋದು.

ಹಾಗಾದ್ರೆ ಕಾಂಕಿಗೆ ಕನ್ನಡ ಬರೆಯೋಕೆ ಹೇಳೋದೇ ಬೇಡ, ಬರೆದಿರೋ ಚಿತ್ರ ಕೊಟ್ಟುಬಿಡೋಣ. ಪ್ಯಾಂಗೋ-ವ್ಯೂ ಅಂತ ಒಂದು ಚಿಕ್ಕ ಟೂಲ್ ಇದೆ, ಪ್ಯಾಂಗೋ 1.0 ಟೂಲ್ಸ್ ಅನ್ನೋ ಪ್ಯಾಕೇಜಲ್ಲಿ ಬರುತ್ತೆ, ಅದಕ್ಕೆ ಪದ, ಫಾಂಟು, ಅಕ್ಷರದ ಬಣ್ಣ, ಹಿನ್ನೆಲೆ ಬಣ್ಣ, ಔಟ್‌ಪುಟ್ ಫೈಲಿನ ಹೆಸರು ಹೇಳಿದ್ರೆ ಪಿಎನ್‌ಜಿ ಮಾಡಿಕೊಡುತ್ತೆ. ನೋ ಡಿಸ್‌ಪ್ಲೇ ಅನ್ನೋ ಆಪ್ಷನ್ ಹಾಕಿ, ಇಲ್ಲಾಂದ್ರೆ ಸ್ಕ್ರೀನ್ ಮೇಲೆ ಒಂದು ವಿಂಡೋ ತೆಗೆದು ತೋರಿಸುತ್ತೆ. ನಾನು ನೋಟೋ ಸ್ಯಾನ್ಸ್ ಕನ್ನಡ ಬಳಸಿದೆ, ರೆಪೊಸಿಟರೀಲಿ ಗುಬ್ಬಿ, ನವಿಲು ಅಂತಾನೂ ಎರಡು ಕನ್ನಡ ಫಾಂಟ್ ಇವೆ, ನಿಮಗೆ ಇಷ್ಟ ಆದದ್ದು ಹಾಕಿ. ಗಂಟೆ ಅಂತ ಒಂದು ಚಿತ್ರ, ನಿಮಿಷ ಅಂತ ಒಂದು ಚಿತ್ರ, ಒಂದ್ಸಲ ಮಾಡಿಟ್ರೆ ಆಯ್ತು, ದಿನಾ ಬದಲಾಗೋ ಪದ ಅಲ್ಲವಲ್ಲ. ಅದನ್ನ ಕಾಂಕಿಯ ಇಮೇಜ್ ಅನ್ನೋ ಆಜ್ಞೆಗೆ ಕೊಡಬೇಕು. ಚಿತ್ರ ಅಕ್ಷರದ ಸಾಲಿನ ಜೊತೆ ಹರಿಯಲ್ಲ, ವಿಂಡೋದ ಮೂಲೆಯಿಂದ ಇಷ್ಟು ಅಡ್ಡ, ಇಷ್ಟು ಕೆಳಗೆ ಅಂತ ನಾವೇ ಪಿಕ್ಸೆಲ್ ಲೆಕ್ಕ ಹೇಳಬೇಕು, ಮತ್ತೆ ಎರಡು ಅಂಕಿ ಸಾಲಿನ ಮಧ್ಯೆ ಅದಕ್ಕೆ ಜಾಗ ಬಿಟ್ಟಿರಬೇಕು. ಚಿತ್ರದ ಹಿನ್ನೆಲೆ ಬಣ್ಣ, ಪಟ್ಟಿಯ ಬಣ್ಣ ಎರಡಕ್ಕೂ ಒಂದೇ ಕೋಡ್ ಕೊಟ್ಟೆ, ಪಾರದರ್ಶಕದ ತಂಟೆಗೇ ಹೋಗಲಿಲ್ಲ.

ಅಂಕಿನೂ ಕನ್ನಡದ್ದೇ ಹಾಕಬಾರದಾ ಅಂತ ಕೇಳ್ತೀರಿ, ನಾನೂ ಆಸೆಪಟ್ಟೆ. ಅಂಕಿಗೆ ಒತ್ತಿಲ್ಲ, ಗುಣಿತ ಇಲ್ಲ, ಹಾಗಾಗಿ ಕಾಂಕಿ ಕನ್ನಡ ಅಂಕಿಯನ್ನ ಸರಿಯಾಗೇ ಬರೆಯುತ್ತೆ. ಡೇಟ್ ಆಜ್ಞೆಯ ಔಟ್‌ಪುಟ್ ತಗೊಂಡು 0ಯಿಂದ 9ರ ಬದಲು ೦ಯಿಂದ ೯ ಹಾಕಿದ್ರೆ ಸಾಕು, ಆದ್ರೆ ಅದಕ್ಕೆ ಅಕ್ಷರ ಬದಲಾಯಿಸೋ ಟಿಆರ್ ಅನ್ನೋ ಆಜ್ಞೆ ಬಳಸಬೇಡಿ, ಜಿಎನ್‌ಯು ಟಿಆರ್ ಬೈಟ್ ಲೆಕ್ಕದಲ್ಲಿ ಬದಲಾಯಿಸುತ್ತೆ, ಕನ್ನಡದ ಒಂದು ಅಂಕಿ ಯುಟಿಎಫ್-8ರಲ್ಲಿ ಮೂರು ಬೈಟು, ಕಸ ಬರುತ್ತೆ. ಸೆಡ್‌ನ ವೈ ಆಜ್ಞೆ ಸರಿಯಾಗಿ ಮಾಡುತ್ತೆ. ಮಾಡಿ, ಹಾಕಿ, ಶಟರ್ ಹತ್ರ ಹೋಗಿ ನಿಂತು ನೋಡಿದೆ. ೧ಕ್ಕೂ ೦ಗೂ ಅಷ್ಟು ದೂರದಿಂದ ವ್ಯತ್ಯಾಸ ಅಂದ್ರೆ ಆ ಸಣ್ಣ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಅನ್ನೋದಷ್ಟೇ, ೧೦ ಯಾವುದು ೧೧ ಯಾವುದು ತಿಳಿಯಲ್ಲ. ಅದೂ ಅಲ್ಲದೆ ನಮ್ ಯಾರ್ಡಲ್ಲಿ ಅರ್ಧ ಮಾತು ತೆಲುಗು, ಮದನಪಲ್ಲಿ ಕಡೆಯವರು ಬರ್ತಾರೆ, "ಟೈಮ್ ಎಂತಯಿಂದಿ" ಅಂತಾರೆ, ಡ್ರೈವರ್‌ಗಳು ಹಿಂದಿ, ತಮಿಳು. ಹಾಗಾಗಿ ಪದ ಕನ್ನಡ, ಅಂಕಿ ಎಲ್ಲರೂ ಓದೋದು. ನನಗೇನೋ ಸ್ವಲ್ಪ ಬೇಜಾರಾಯ್ತು, ಆದ್ರೆ ಓದೋಕಾಗದೇ ಇರೋ ಗಡಿಯಾರ ಇಟ್ಕೊಂಡು ಏನು ಮಾಡೋದು.

ಬಣ್ಣಕ್ಕೆ ಬರೋಣ. ಎಲ್ಲರೂ ಹೇಳೋದು ಕಪ್ಪು ಮೇಲೆ ಬಿಳಿ ಅಥವಾ ಹಳದಿ. ಸಂಜೆ ಮನೇಲಿ ಅದು ಚೆನ್ನ. ಮಂಡೀಲಿ ಮಾನಿಟರ್ ಎದುರಿಗೇ ಶಟರು, ಬೆಳಿಗ್ಗೆ ಬಿಸಿಲು ಬಿದ್ದ ಯಾರ್ಡ್ ಪೂರ್ತಿ ಕಪ್ಪು ಪಟ್ಟಿ ಒಳಗೆ ಕನ್ನಡಿ ಹಾಗೆ ಕಾಣುತ್ತೆ, ಅಂಕಿ ಮಧ್ಯದಲ್ಲಿ ಲಾರಿ ಓಡಾಡುತ್ತೆ. ಬಿಳುಪಾದ ಹಿನ್ನೆಲೆ ಇದ್ರೆ ಸ್ಕ್ರೀನಿಂದ ಬರೋ ಬೆಳಕೇ ಜಾಸ್ತಿಯಾಗಿ ಆ ಪ್ರತಿಬಿಂಬ ಮುಳುಗೋಗುತ್ತೆ. ತಿಳಿ ಹಳದಿ ಹಿನ್ನೆಲೆ, ಕಪ್ಪು ಅಂಕಿ. ವಿಂಡೋ ಟ್ರಾನ್ಸ್‌ಪರೆಂಟ್ ಅನ್ನೋದು ಫಾಲ್ಸ್. ನೆರಳು, ಔಟ್‌ಲೈನ್, ಗ್ರೇಡಿಯೆಂಟ್ ಯಾವುದೂ ಇಲ್ಲ.

ಇನ್ನೊಂದು ವಿಷಯ ಗಡಿಯಾರ ಮಾಡೋರು ಯೋಚಿಸೋದೇ ಇಲ್ಲ, ತೋರಿಸ್ತಿರೋ ಟೈಮು ಸರಿನಾ? ಈ ಕಂಪ್ಯೂಟರಿನ ಮದರ್‌ಬೋರ್ಡ್ ಸೆಲ್ಲು ಸತ್ತಿತ್ತು. ಸೆಲ್ ಇಲ್ಲದಾಗ ಕರೆಂಟ್ ಹೋಗಿ ಬಂದ್ರೆ ಯಾವುದೋ ಹಳೇ ಇಸವಿ ತೋರಿಸಬೇಕಿತ್ತು, ಆದ್ರೆ ಸಿಸ್ಟಮ್‌ಡಿ ಜೊತೆ ಬರೋ ಟೈಮ್‌ಸಿಂಕ್-ಡಿ ಅನ್ನೋ, ನೆಟ್ಟಿಂದ ಟೈಮ್ ತರೋ ಪ್ರೋಗ್ರಾಂ, ಕೊನೆಗೆ ಗೊತ್ತಿದ್ದ ಟೈಮನ್ನ ಡಿಸ್ಕಲ್ಲಿ ಬರೆದಿಟ್ಟಿರುತ್ತೆ, ಬೂಟ್ ಆದಾಗ ಅದಕ್ಕಿಂತ ಹಿಂದೆ ಹೋಗೋಕೆ ಬಿಡಲ್ಲ. ಒಳ್ಳೇದೇ, ಆದ್ರೆ ಬೆಳಿಗ್ಗೆ ಒಂದು ಗಂಟೆ ಕರೆಂಟ್ ಹೋಗಿ ಬಂತು ಅಂದ್ಕೊಳ್ಳಿ, ರೌಟರ್ ಇನ್ನೂ ನೆಟ್ ಹಿಡಿದಿಲ್ಲ, ಗಡಿಯಾರ ಸರಿಯಾಗಿ ಒಂದು ಗಂಟೆ ಹಿಂದಿನ ಟೈಮನ್ನ ಐದು ಸೆಂಟಿಮೀಟರ್ ಅಂಕೀಲಿ ಧೈರ್ಯವಾಗಿ ತೋರಿಸುತ್ತೆ. ಹಳೇ ಇಸವಿ ಇದ್ರಾದ್ರೂ ಅನುಮಾನ ಬರ್ತಿತ್ತು. ಸಿಆರ್ 2032 ಸೆಲ್ ಹೊಸದು ಹಾಕಿದೆ, ಅದು ಮೊದಲನೇ ಕೆಲಸ. ಎರಡನೇದು, ನೆಟ್ಟಿಂದ ಟೈಮ್ ಸರಿಯಾಗಿ ಸಿಕ್ಕಿದ ಮೇಲೆ ಟೈಮ್‌ಸಿಂಕ್-ಡಿ ರನ್ ಫೋಲ್ಡರಲ್ಲಿ, ಸಿಸ್ಟಮ್‌ಡಿ ಒಳಗೆ ಟೈಮ್‌ಸಿಂಕ್ ಒಳಗೆ, ಸಿಂಕ್ರೊನೈಸ್ಡ್ ಅಂತ ಒಂದು ಖಾಲಿ ಫೈಲ್ ಇಡುತ್ತೆ. ರನ್ ಇರೋದು ಮೆಮೊರೀಲಿ, ರೀಬೂಟ್ ಆದ್ರೆ ಅಳಿಸೋಗುತ್ತೆ. ಕಾಂಕಿಯಲ್ಲಿ ಇಫ್ ಎಕ್ಸಿಸ್ಟಿಂಗ್ ಅನ್ನೋ ಷರತ್ತು ಇದೆ, ಆ ಫೈಲ್ ಇದ್ರೆ ಅಂಕಿ ಕಪ್ಪು, ಇಲ್ಲಾಂದ್ರೆ ಕೆಂಪು, ಅಷ್ಟೇ.

ಸರಿ ಇಲ್ಲದ ಟೈಮ್ ಯಾಕೆ ತೋರಿಸ್ಬೇಕು, ಖಾಲಿ ಬಿಡು ಅಂದ್ರು ಚಿಕ್ಕಪ್ಪ. ಅದಕ್ಕೆ ಒಪ್ಪಲಿಲ್ಲ ನಾನು. ಸೆಲ್ ಸರಿ ಇರೋವರೆಗೂ ನೆಟ್ ಇಲ್ಲದಿದ್ರೂ ಟೈಮು ಹೆಚ್ಚುಕಮ್ಮಿ ಸರಿನೇ ಇರುತ್ತೆ, ನೆಟ್ ದಿನಪೂರ್ತಿ ಹೋದ್ರೆ ಗಡಿಯಾರವೂ ದಿನಪೂರ್ತಿ ಇಲ್ಲ ಅಂದ್ರೆ ಜನ ಮತ್ತೆ ಗೋಡೆ ಕಡೆ ತಿರುಗ್ತಾರೆ. ಕೆಂಪು ಇದ್ರೆ ಮೊಬೈಲ್ ನೋಡ್ಕೊಳ್ಳಿ ಅಂತ ಹುಡುಗರಿಗೆ ಹೇಳಿದ್ದೀನಿ.

ಉಳಿದದ್ದು ಸಣ್ಣಪುಟ್ಟ. ಸೆಷನ್ ಆಂಡ್ ಸ್ಟಾರ್ಟಪ್‌ಗೆ ಹೋಗಿ ಕಾಂಕಿ ಸೇರಿಸಿದೆ, ಪಾಜ್ (pause) ಅನ್ನೋ ಆಪ್ಷನ್ನಿಗೆ 10 ಸೆಕೆಂಡ್ ಕೊಟ್ಟೆ, ಡೆಸ್ಕ್‌ಟಾಪ್ ಪೂರ್ತಿ ಎದ್ದಮೇಲೆ ಇದು ಏಳ್ಲಿ ಅಂತ, ಇಲ್ಲಾಂದ್ರೆ ಕೆಲವು ಸಲ ಅಂಚು ಹಿಡ್ಕೊಳ್ಳೋದರಲ್ಲಿ ಎಡವಟ್ಟಾಗುತ್ತೆ. ಪವರ್ ಮ್ಯಾನೇಜರಲ್ಲಿ ಸ್ಕ್ರೀನ್ ಆಫ್ ಆಗೋದು, ಸ್ಕ್ರೀನ್‌ಸೇವರ್ ಎರಡೂ ನಿಲ್ಲಿಸಬೇಕು, ಬಿಲ್ ಹಾಕದೇ ಇರೋ ಹೊತ್ತಲ್ಲೇ ಜನ ಟೈಮ್ ನೋಡೋದು. ಅಪ್‌ಡೇಟ್ ಇಂಟರ್ವಲ್ ಒಂದು ಸೆಕೆಂಡಲ್ಲೇ ಬಿಟ್ಟಿದ್ದೀನಿ, ಈ ಹಳೇ ಮಿಷನ್ನಿಗೂ ಅದೊಂದು ಭಾರ ಅಲ್ಲ.

ಪಕ್ಕದ ಮಂಡಿಯವರೂ ಕೇಳ್ತಿದ್ದಾರೆ, ಅವರದ್ದು 21.5 ಇಂಚಿನ 1920×1080 ಮಾನಿಟರು. ಅದರಲ್ಲಿ ಪಿಕ್ಸೆಲ್ 0.25 ಮಿ.ಮೀ. ಇರೋದ್ರಿಂದ ಇದೇ ಫೈಲ್ ಹಾಗೇ ಹಾಕಿದ್ರೆ ಅಂಕಿ ಸುಮಾರು 41 ಮಿ.ಮೀ.ಗೆ ಇಳಿಯುತ್ತೆ. 50 ಮಿ.ಮೀ. ಬೇಕಂದ್ರೆ ಫಾಂಟ್ 208 ಪಾಯಿಂಟ್, ಪಟ್ಟಿ 410 ಪಿಕ್ಸೆಲ್, ಗಂಟೆ-ನಿಮಿಷದ ಚಿತ್ರಗಳನ್ನೂ ಅದೇ ಪ್ರಮಾಣದಲ್ಲಿ ದೊಡ್ಡದಾಗಿ ಮತ್ತೆ ಮಾಡ್ಬೇಕು, ಅವುಗಳ ಜಾಗದ ಪಿಕ್ಸೆಲ್ ಲೆಕ್ಕವೂ ಬದಲಾಗುತ್ತೆ. ಶೀಟಿಗೆ 1510 ಪಿಕ್ಸೆಲ್ ಉಳಿಯುತ್ತೆ, ಅವರ ಗುಮಾಸ್ತರಿಗೆ ತೊಂದರೆ ಇಲ್ಲ.